ತೊಟ್ಟಿಯೊಳಗಿನ ಗಿಡ

ಮೆಟ್ಟಿಲು ಹತ್ತುತ್ತಿದ್ದ ಚನ್ನಬಸಪ್ಪನವರು ನಡುವೆಯೇ ನಿಂತು ಮೂಗರಳಿಸಿದರು. ಸಂಶಯವೇ ಇಲ್ಲ, ಮೀನಿನ ವಾಸನೆ! ಅದೂ ಅವರ ಮನೆಯಲ್ಲಿ! ಮೇಲಿನ ಕೋಣೆ ಬಾಡಿಗೆಗೆ ಕೊಡುವಾಗ 'ಮೊಟ್ಟೆ ಕೂಡ ಒಳಗೆ ತರುವುದಿಲ್ಲ' ಎಂದು ಲಹರಿಯ ಬಾಯಲ್ಲೇ ಹೇಳಿಸಿದ್ದರು. ಆದರೂ ಕಾರವಾರದ ಹುಡುಗಿ ಮೀನು ಬಿಟ್ಟು ಬದುಕುತ್ತಾಳೆಂದರೆ ನಂಬುವುದು ಹೇಗೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಗೊತ್ತಾಗುವುದಿಲ್ಲವೆ?

"ಬಾಗಿಲ ತಗಿಯವಾ. ಒಳಗ ಏನ ಕುದಿಸಾಕತ್ತಿ?"

"ಚಹಾ, ಅಂಕಲ್."

"ಚಹಾಕ್ಕ ಮೀನಿನ ವಾಸನಿ ಬರತೈತೇನು?" ಎನ್ನುತ್ತಾ ಒಳಗೆ ನುಗ್ಗಿಯೇ ಬಿಟ್ಟರು. ಒಲೆ ನೋಡಿದರು, ಫ್ರಿಜ್ ತೆಗೆದರು, ಡಬ್ಬಗಳ ಮುಚ್ಚಳ ಎತ್ತಿ ಎತ್ತಿ ಮೂಸಿದರು. ಹಾಳಾದ್ದು, ಒಂದು ಮುಳ್ಳೂ ಸಿಗಲಿಲ್ಲ. ಕಿಟಕಿಯ ಪಕ್ಕದಲ್ಲಿ ಮಾತ್ರ ಗಾಜಿನ ತೊಟ್ಟಿಯೊಂದು ಗುಳುಗುಳು ಅನ್ನುತ್ತಿತ್ತು.

ಆ ತೊಟ್ಟಿಯೊಳಗೆ ಲಹರಿಯ ಪ್ರಾಣವೇ ಇತ್ತು. ಲಕ್ಷದ್ವೀಪದ ಹವಳದ ದಿಬ್ಬದಿಂದ ತಂದ ಒಂದು ತುಂಡು ಹವಳ, ಅದರ ಮೈತುಂಬ ಹಬ್ಬಿದ ಕಿತ್ತಳೆ ಬಣ್ಣದ ಜೀವಂತ ಸ್ಪಂಜು. ಈ ಸ್ಪಂಜು ಹವಳವನ್ನು ಹೇಗೆ ಕೊರೆಯುತ್ತದೆ ಎನ್ನುವುದೇ ಅವಳ ಪಿಎಚ್.ಡಿ. ಇನ್ನೊಂದು ತುಂಡು ತರಲು ಅನುಮತಿ ಸಿಗುವುದಿಲ್ಲ, ಇದು ಸತ್ತರೆ ಸಂಶೋಧನೆಯೂ ಸತ್ತ ಹಾಗೆ ಎಂದು ಗೈಡ್ ಮೊದಲೇ ಹೇಳಿದ್ದರು. ಲ್ಯಾಬಿಗೆ ಬಣ್ಣ ಹೊಡೆಯುತ್ತಿದ್ದರು. ಆ ಘಾಟಿಗೆ ಏನಾದರೂ ಆದೀತೆಂದು ಹೆದರಿ, ಶನಿವಾರ-ಭಾನುವಾರದ ಮಟ್ಟಿಗೆ ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮಣಿಕೊಂಡದ ಈ ಬಾಡಿಗೆ ಕೋಣೆಗೆ ತಂದಿದ್ದಳು.

"ಏನಿದು?"

"ಸ್ಪಂಜು ಅಂತ, ಅಂಕಲ್. ಲ್ಯಾಬಿನದು."

"ಹೆಸರು ಕಟಗೊಂಡು ನನಗೇನು? ಪ್ರಾಣಿಯೋ, ಗಿಡವೋ? ಒಂದ ಮಾತಿನ್ಯಾಗ ಹೇಳ. ಪ್ರಾಣಿ ಅಂದ್ರ ಈಗಿಂದೀಗ ಇದನ್ನೂ ತಗೊಂಡು ನಡಿ. ಸಾಫ್ಟ್‌ವೇರ್ ಹುಡುಗೂರು ಮನಿ ಮನಿ ಅಂತ ದಿನಾ ಗೇಟ್ ಬಡೀತಾರ. ನನಗೇನು ಚಿಂತಿಲ್ಲ."

ಸ್ಪಂಜು ಗಿಡವಲ್ಲ, ಪ್ರಾಣಿ ಎಂದು ಕಾಲೇಜು ಹುಡುಗರಿಗೆ ಮೇಜು ಕುಟ್ಟಿ ಕುಟ್ಟಿ ಪಾಠ ಹೇಳಿದವಳು ಲಹರಿ. ಆದರೆ ನೀರು ತುಂಬಿದ ತೊಟ್ಟಿ ಅಪ್ಪಿಕೊಂಡು ಬೀದಿಯಲ್ಲಿ ನಿಲ್ಲುವುದು ಹೇಗೆ?

"ಗಿಡ," ಅಂದಳು.

"ಗಿಡಕ್ಕ ಈ ವಾಸನಿ?"

"ಅದು... ನೀರಿಗೆ ಹಾಕಿರೋ ಗೊಬ್ಬರದ್ದು, ಅಂಕಲ್."

ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು. ಅಷ್ಟರಲ್ಲಿ ಮೇಲೆ ಬಂದಿದ್ದ ಅವರ ಹೆಂಡತಿ ನೀಲಾ ಗಾಜಿಗೆ ಮುಖವೊತ್ತಿ, "ಅಯ್ಯ, ಎಷ್ಟ ಚಂದ ಐತಿ! ಗಿಡಾ ಬೆಳಸೋ ಹುಡುಗಿ ಮ್ಯಾಲ ಸಂಶೇ ಪಡತೀರಲ್ರೀ, ಬರ್ರಿ ಕೆಳಗ," ಎಂದು ಗಂಡನನ್ನು ಎಳೆದುಕೊಂಡು ಹೋದರು. ಹೋಗುವಾಗಲೂ ಚನ್ನಬಸಪ್ಪನವರು ತಿರುಗಿ ತಿರುಗಿ ನೋಡುತ್ತಲೇ ಇದ್ದರು. ಲಹರಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬಣ್ಣ ಒಣಗಿದೆಯೇ ನೋಡಲು ಲ್ಯಾಬಿಗೆ ಹೋಗಿ ಬಂದರೆ ಅವಳ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಒಳಗೆ ಗಂಡ ಹೆಂಡತಿ ಇಬ್ಬರೂ ಇದ್ದರು. ವಾಸನೆ ಮಾತ್ರ ಇರಲಿಲ್ಲ.

"ಸಿಟ್ಟಾಗಬ್ಯಾಡವಾ," ಎಂದರು ನೀಲಾ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ. "ಇವರಿಗೆ ರಾತ್ರೆಲ್ಲಾ ನಿದ್ದಿಲ್ಲ. ತಮ್ಮ ಕಡೆ ಇದ್ದ ಕೀಲಿಕೈಲೆ ಬಾಗಿಲ ತಗದ್ರು. ಒಬ್ಬರನ್ನ ಬಿಡೂದು ಬ್ಯಾಡಂತ ನಾನೂ ಬಂದೆ. ನೀರಾಗ ಬೆರಳ ಅದ್ದಿ ನಾಲಿಗಿಗೆ ಹಚ್ಚಿದ್ರ, ಉಪ್ಪಂದ್ರ ಉಪ್ಪು! ಅದೆಂಥಾ ಗೊಬ್ಬರವಾ? ಉಪ್ಪನೀರಿಗೆ ಗಿಡ ಬದುಕತೈತೇನು, ಹುಚ್ಚಿ? ಎಲ್ಲಾ ಚೆಲ್ಲಿ, ನಳದಾಗ ಬರೋ ಚಲೋ ಮಂಜೀರಾ ಸಿಹಿನೀರು ತುಂಬೀನಿ."

ಲಹರಿ ತೊಟ್ಟಿಯ ಮುಂದೆ ಕುಸಿದು ಕೂತಳು. ಕಿತ್ತಳೆ ಬಣ್ಣ ಬಿಳುಚಿಕೊಂಡು ಲೋಳೆಯಾಗಿ ಎಳೆ ಎಳೆಯಾಗಿ ಬಿಡುತ್ತಿತ್ತು. ಎರಡೂ ಕೈಯಲ್ಲಿ ಗಾಜು ಹಿಡಿದು, "ಸತ್ತೋಯ್ತು ಆಂಟಿ, ಎಲ್ಲಾ ಹೋಯ್ತು," ಎಂದು ಹೋ ಎಂದು ಅತ್ತಳು. ನೀಲಾ ಗಾಬರಿಯಾಗಿ ಬೆನ್ನು ಸವರತೊಡಗಿದರು. ಪಾಪ, ಒಳ್ಳೆಯದೇ ಮಾಡಲು ಹೋಗಿದ್ದರು.

ಚನ್ನಬಸಪ್ಪನವರು ಹತ್ತಿರ ಬಂದು ತೊಟ್ಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಗಿಡ ಸತ್ರ ಯಾರೂ ಹಿಂಗ ಅಳಂಗಿಲ್ಲ. ಖರೇ ಹೇಳವಾ, ಏನಿತ್ತದು?"