ಒಂದೇ ತೋಟಾ

ಎಣ್ಣೆಬಟ್ಟೆ ಸುತ್ತಿದ ಸರಳನ್ನು ಮಗಳು ಬಂದೂಕಿನ ನಳಿಗೆಯೊಳಗೆ ಇಳಿಸಿ ಎಳೆಯುತ್ತಿದ್ದಳು. ಅಪ್ಪ ತಮ್ಮ ಬಂದೂಕಿನ ಅಂಗಡಿಯ ಕೌಂಟರಿನ ಹಿಂದೆ ಕೂತಿದ್ದ. ಎದುರಿನ ಟೈರ್ ಅಂಗಡಿಯಲ್ಲಿ ಅಣ್ಣತಮ್ಮಂದಿರು ಹೊಡೆದಾಡುತ್ತಿದ್ದರು.

ಬೀದಿಯವರ ಬಾಯಲ್ಲಿ ಅಣ್ಣ ದೊಡ್ಡಟೈರು, ತಮ್ಮ ಚಿಕ್ಕಟೈರು. ಹುಟ್ಟಿದಾಗಿನಿಂದ ಹಾವು ಮುಂಗುಸಿ. ಆದರೆ ಈಚೆಗೆ ಜಗಳಕ್ಕೆ ರಕ್ತದ ರುಚಿ ಹತ್ತಿತ್ತು. ಹೋದ ತಿಂಗಳು ತಮ್ಮ ಬೀಸಿದ ಸಲಾಕೆಗೆ ಅಣ್ಣನ ಎರಡು ಹಲ್ಲು ಉದುರಿದ್ದವು. ಅಣ್ಣ ತಿರುಗಿ ಬಿದ್ದದ್ದಕ್ಕೆ ತಮ್ಮನ ಕಿವಿಗೆ ಏಳು ಹೊಲಿಗೆ.

ಅವಳು ಒರೆಸುತ್ತಿದ್ದದ್ದು ದೊಡ್ಡಟೈರಿನ ಹಳೆಯ ಬಂದೂಕನ್ನೇ. ಮೂರು ತಿಂಗಳ ಹಿಂದೆ ಅದನ್ನು ಕೊಟ್ಟು ಹೊಸದು ಒಯ್ದಿದ್ದ. "ನಮ್ಮಪ್ಪನ ಕಾಲದ್ದು ಯಜಮಾನ್ರೇ, ಗಾಳಿಗೂ ತೂತು ಹಾಕುತ್ತೆ" ಎಂದು ಹೊಗಳಿದ್ದ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ನಂಬಿದ್ದ.

ಮಗಳು ಬಿಚ್ಚಿ ನೋಡಿದ್ದಳು. ತೋಟಾದ ಬುಡಕ್ಕೆ ಕುಟ್ಟಬೇಕಾದ ಸೂಜಿ ಸವೆದು ಮೊಂಡಾಗಿತ್ತು. ಸತ್ತ ಬಂದೂಕು. ಇನ್ನೊಂದು ವಿಚಿತ್ರವಿತ್ತು. ಟ್ರಿಗರ್ ಬೆರಳಾಡಿ ಆಡಿ ನುಣ್ಣಗಾಗಿತ್ತು, ನಳಿಗೆಯಲ್ಲಿ ಮಾತ್ರ ಮದ್ದಿನ ಮಸಿಯ ಸುಳಿವೂ ಇರಲಿಲ್ಲ. ಮುತುವರ್ಜಿಯಿಂದ ಒರೆಸಿಟ್ಟಿದ್ದಾನೆ ಅಂದುಕೊಂಡಳು.

ಒರೆಸುವುದು, ಎಣ್ಣೆ ಹಾಕುವುದು, ಅಷ್ಟೇ ಅವಳ ಪಾಲಿನ ಕೆಲಸ. "ಒಳಗಿನ ಯಂತ್ರಕ್ಕೆ ಕೈ ಹಾಕಿದ್ರೆ ಬೆರಳು ಮುರೀತೀನಿ" ಎಂದಿದ್ದ ಅಪ್ಪ. ಅವನು ಮಧ್ಯಾಹ್ನ ಮಲಗಿದಾಗಲೆಲ್ಲ ಅವಳು ಉಕ್ಕಿನ ತುಂಡೊಂದನ್ನು ಅರದಿಂದ ಉಜ್ಜಿ ಉಜ್ಜಿ ಹೊಸ ಸೂಜಿ ಮಾಡಿ ಕೂರಿಸಿದಳು. ಅಪ್ಪ ಕಣ್ಣಿನ ಆಸ್ಪತ್ರೆಗೆ ಹೋದ ದಿನ ಹಿತ್ತಲಲ್ಲಿ ಮರಳಿನ ಪೀಪಾಯಿಗೆ ಗುರಿಯಿಟ್ಟಳು. ಮೊದಲ ಏಟಿಗೇ ಗುಂಡು ಹಾರಿತು. ಕುಣಿಯುವಷ್ಟು ಖುಷಿಯಾಯಿತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ದೊಡ್ಡಟೈರು ಬೀದಿ ದಾಟಿ ಬಂದ. ಹೊಸ ಬಂದೂಕನ್ನು ಕೌಂಟರಿನ ಮೇಲಿಟ್ಟ. ಅವನ ಹುಬ್ಬಿನಿಂದ ರಕ್ತ ಗಾಜಿನ ಮೇಲೆ ತೊಟ್ಟಿಕ್ಕಿತು.

"ಯಜಮಾನ್ರೇ, ನನ್ನ ಹಳೇದು ವಾಪಸ್ ಕೊಟ್ಬಿಡಿ."

"ಯಾಕಪ್ಪಾ, ಹೊಸದು ಕೈಕೊಡ್ತಾ?"

"ಹೊಸದನ್ನ ಎತ್ತೋಕೇ ಆಗ್ತಿಲ್ಲ ನನ್ಕೈಲಿ. ಹಳೇದು ಮಾರಿದ ದಿನದಿಂದ ಮನೇಲಿ ನೆಮ್ಮದಿ ಇಲ್ಲ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಈ ನನ್ಮಗನಿಗೆ ಅದೇ ಮದ್ದು."

ಮಗಳ ಕೈ ನಿಂತಿತು.

ಅಷ್ಟರಲ್ಲಿ ಚಿಕ್ಕಟೈರು ಒಳಗೆ ನುಗ್ಗಿ ಸಲಾಕೆ ಬೀಸಿದ. ಷೋಕೇಸಿನ ಗಾಜು ಪುಡಿಪುಡಿಯಾಯಿತು. ಅಣ್ಣ ಅವನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ.

"ಬಿಡ್ರೋ! ಒಂದೇ ಹೊಟ್ಟೇಲಿ ಹುಟ್ಟಿದೋರು ನೀವು!" ಅಪ್ಪ ಕೂಗಿದ.

"ಅದೇ ನಮ್ಮವ್ವ ಮಾಡಿದ ತಪ್ಪು" ಎಂದು ಚಿಕ್ಕಟೈರು ರಕ್ತ ಉಗಿದ. ಆಗ ಅವಳ ಕೈಯಲ್ಲಿದ್ದದ್ದು ಅವನ ಕಣ್ಣಿಗೆ ಬಿತ್ತು. ಬಿಗಿದ ಮುಖ ಸಡಿಲವಾಯಿತು. "ಓಹೋ, ನಮ್ಮ ಮುದುಕಿ ಇನ್ನೂ ಇಲ್ಲೇ ಇದ್ದಾಳಾ? ಕೊಡಿ ಯಜಮಾನ್ರೇ ಅವನಿಗೆ. ಹೊಡೀಲಿ, ಎದೆ ತೋರಿಸ್ತೀನಿ!"

ಸಲಾಕೆಯನ್ನು ಅಲ್ಲೇ ಬಿಸಾಡಿ ಹೋದ.

"ಸಿಟ್ಟಲ್ಲಿರೋ ಕೈಗೆ ನಾನು ಬಂದೂಕು ಕೊಡಲ್ಲಪ್ಪ" ಎಂದ ಅಪ್ಪ.

"ಹಾಗಾದ್ರೆ ಹೊಸದನ್ನೇ ವಾಪಸ್ ತಗೊಂಡು ಹೋಗ್ಲಾ?"

ಅಪ್ಪ ನಿಟ್ಟುಸಿರು ಬಿಟ್ಟು ಲೈಸೆನ್ಸ್ ಪುಸ್ತಕ ಎಳೆದುಕೊಂಡ.

"ಇದಕ್ಕೆ ಏನೂ ಮಾಡಿಲ್ಲ ತಾನೇ?" ದೊಡ್ಡಟೈರು ಎತ್ತಲೋ ನೋಡುತ್ತ ಕೇಳಿದ.

"ಕೈ ಕೂಡ ಹಚ್ಚಿಲ್ಲ. ಮಗಳು ಧೂಳು ಒರೆಸಿದ್ದಾಳೆ, ಅಷ್ಟೇ. ಅಲ್ವೇನಮ್ಮಾ?"

ಹೇಳಿದರೆ ಬೆರಳು ಮುರಿಯುವ ಅಪ್ಪ. ಹೇಳದಿದ್ದರೆ ಎದುರಿನ ಅಂಗಡಿಯಲ್ಲಿ ಒಂದು ಹೆಣ. ಅವಳು ಹೌದೆಂದು ತಲೆಯಾಡಿಸಿದಳು.

"ಒಂದು ತೋಟಾ ಕೊಡಿ" ಎಂದ ದೊಡ್ಡಟೈರು.

"ಒಂದೇನಾ?"

"ಒಂದು ಸಾಕು. ನಂಗೆ ಜೀವಮಾನಕ್ಕಾಗುತ್ತೆ." ಹಲ್ಲಿಲ್ಲದ ಸಂದಿಯಲ್ಲಿ ನಕ್ಕು, ಅವಳ ಕೈಯಿಂದ ಬಂದೂಕು ತೆಗೆದುಕೊಂಡು ಹೊರಟ.

"ಅಪ್ಪಾ," ಎಂದಳು ಅವಳು, "ಅವನು ತಮ್ಮನ್ನ ಕೊಂದೇಬಿಡ್ತಾನೆ."

"ಬೊಗಳೋ ನಾಯಿ ಕಚ್ಚಲ್ಲ, ಮಗಳೇ. ಗಾಜು ಗುಡಿಸು."

ಎದುರಿನಲ್ಲಿ ಚಿಕ್ಕಟೈರು ಟೈರುಗಳ ರಾಶಿಗೆ ಒರಗಿ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ದೊಡ್ಡಟೈರು ತೋಟಾವನ್ನು ಬೀದಿಗೆಲ್ಲ ಕಾಣುವಂತೆ ಎತ್ತಿ ಹಿಡಿದ. ತುಂಬಿದ. ನಾಲ್ಕು ಹೆಜ್ಜೆ ದೂರದಿಂದ ಗುರಿ ಹಿಡಿದ.

"ಹೊಡಿಯೋ, ಗಂಡಸಾದ್ರೆ!" ತಮ್ಮ ಅಬ್ಬರಿಸಿದ.

ಅವಳು ಓಡಿದಳು. "ಬೇಡ! ಅದು ಹಾರುತ್ತೆ!" ಹುಟ್ಟಿದಂದಿನಿಂದ ಅಷ್ಟು ದೊಡ್ಡದಾಗಿ ಕೂಗಿದವಳಲ್ಲ. ಬೀದಿ ಅರ್ಧ ದಾಟಿದ್ದಳು. ಗುಂಡಿನ ಸದ್ದು ಅವಳ ಕೂಗನ್ನು ನುಂಗಿತು.

ಟೈರುಗಳು ಒಂದೊಂದಾಗಿ ಉರುಳಿದವು. ಚಿಕ್ಕಟೈರು ಅವುಗಳ ನಡುವೆ ಕುಸಿದ. ಎದೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ಕೈಯೊಂದು ಅರ್ಧ ಬಿಚ್ಚಿದ ಗುಂಡಿಯ ಮೇಲೇ ಉಳಿದಿತ್ತು.

ಜನ ಚೆಲ್ಲಾಪಿಲ್ಲಿಯಾದರು. ದೊಡ್ಡಟೈರು ಓಡಲಿಲ್ಲ. ತಮ್ಮನನ್ನು ಎಬ್ಬಿಸಿ ನೋಡಿದ, ಕೆನ್ನೆ ತಟ್ಟಿದ, ಬೈದ. ಆಮೇಲೆ ಬಂದೂಕು ಎತ್ತಿಕೊಂಡು, ಬೀದಿಯ ನಡುವೆ ನಿಂತಿದ್ದ ಅವಳನ್ನು ಕಾಣದವನಂತೆ ದಾಟಿ ಅಂಗಡಿಗೆ ಬಂದ. ಅವಳ ಕಾಲುಗಳು ತಾವಾಗಿಯೇ ಅವನ ಹಿಂದೆ ನಡೆದವು.

"ಹದಿನೆಂಟು ವರ್ಷದಿಂದ ಇದರಲ್ಲಿ ಅವನಿಗೆ ಹೊಡೀತಿದ್ದೀನಿ ಯಜಮಾನ್ರೇ" ಎಂದ ದೊಡ್ಡಟೈರು. "ಅವನು ಎದೆ ಒಡ್ಡೋನು. ಟಕ್ ಅನ್ನೋದು. ಇಬ್ರೂ ನಕ್ಕುಬಿಡ್ತಿದ್ವಿ, ಜಗಳ ಅಲ್ಲಿಗೇ ಮುಗೀತಿತ್ತು. ಇದು ಹಾರಲ್ಲ ಅಂತ ಅವನಿಗೂ ಗೊತ್ತಿತ್ತಲ್ಲ."

ಬಂದೂಕನ್ನು ಎರಡೂ ಕೈಗಳಿಂದ ಅಪ್ಪನ ಮುಂದೆ ಚಾಚಿದ.

"ಮೊದಲು ಹೇಗಿತ್ತೋ ಹಾಗೇ ಮಾಡಿಕೊಡಿ."