ಕನ್ನಡಿಯ ಮೇಲಿನ ಬೊಟ್ಟು

ಹೊಸ ಮನೆ ಅಂದಮೇಲೆ ಹೊಸ ಸಾಮಾನು ಬೇಡವೇ... ವನಜಾಕ್ಷಿಗೂ ಆ ಆಸೆ ಬೆಟ್ಟದಷ್ಟಿತ್ತು.

ಆದರೆ ನಂಜನಗೂಡಿನಲ್ಲಿ ಪುಟ್ಟದೊಂದು ಮನೆ ಕಟ್ಟಿ ಮುಗಿಸುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರೂ ಹೈರಾಣಾಗಿದ್ದರು. ಕೈ ಪೂರ್ತಿ ಖಾಲಿ.

ಹಾಗಾಗಿ ಎಲ್ಲವೂ ಸೆಕೆಂಡ್ ಹ್ಯಾಂಡ್... ಕಾಲು ಕುಂಟುವ ಮಂಚ, ಕಿರುಗುಟ್ಟುವ ಫ್ಯಾನ್, ಹಳೇ ಸಾಮಾನಿನ ಅಂಗಡಿಯಿಂದ ತಂದ ಕಬ್ಬಿಣದ ಬೀರು.

ಬೀರು ಮಾತ್ರ ಗಟ್ಟಿಮುಟ್ಟಾಗಿತ್ತು. ಬಾಗಿಲಿಗೆ ಆಳೆತ್ತರದ ಕನ್ನಡಿ ಬೇರೆ!

ಆದರೆ ಆ ಕನ್ನಡಿಯ ಮೇಲ್ಭಾಗದಲ್ಲಿ ಒಂದೇ ಮಟ್ಟದಲ್ಲಿ ಸಾಲಾಗಿ ಸ್ಟಿಕ್ಕರ್ ಬೊಟ್ಟುಗಳು...

"ಹೊಸ ಮನೆಗೆ ಯಾರದ್ದೋ ಹಣೆ ಬೊಟ್ಟು ಯಾಕಪ್ಪಾ?" ಎಂದು ಗೊಣಗುತ್ತಾ ವನಜಾಕ್ಷಿ ಬ್ಲೇಡಿನಿಂದ ಒಂದೊಂದನ್ನೇ ಕೆರೆದು ಹಾಕಿದಳು. ಅರಿಶಿನದ ನೀರಿನಲ್ಲಿ ಒರೆಸಿದಳು. ಕೆರೆದದ್ದೆಲ್ಲ ಕಸದ ಗಾಡಿಗೆ ಹೋಯಿತು.

ಕನ್ನಡಿ ಫಳಫಳ ಹೊಳೆಯಿತು... ಅವಳ ಮುಖವೂ.

ಹಾಲು ಉಕ್ಕಿಸಿದ ಮರುದಿನ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಅವನ ಕೈ ಹಿಡಿದು ಒಬ್ಬಳು ಪುಟ್ಟ ಹುಡುಗಿ.

"ನಮಸ್ಕಾರ ಅಕ್ಕ... ನಾನು ದೊರೆಸ್ವಾಮಿ ಅಂತ. ನಿಮ್ಮನೇಲಿರೋ ಬೀರು ಮೊದ್ಲು ನಮ್ದು. ಅಂಗಡಿಯವ್ರು ಅಡ್ರೆಸ್ ಕೊಟ್ರು."

ವನಜಾಕ್ಷಿ ಒಳಗಿದ್ದ ಬೀರುವಿನ ಕಡೆ ತಿರುಗಿ ನೋಡಿದಳು. ಇರುವುದರಲ್ಲಿ ಚೆನ್ನಾಗಿರುವುದು ಅದೊಂದೇ... ಅದಕ್ಕೂ ಕಣ್ಣು ಬಿತ್ತೇ?

"ಮಾರಿದ್ಮೇಲೆ ಮುಗೀತಲ್ಲಪ್ಪ. ವಾಪಸ್ ಗೀಪಸ್ ಕೊಡಲ್ಲ."

"ಅಯ್ಯೋ, ಬೀರು ಬೇಡಕ್ಕ. ನಾವೀಗಿರೋ ರೂಮಲ್ಲಿ ಅದು ಹಿಡಿಯಲ್ಲ, ಅದಕ್ಕೇ ಮಾರಿದ್ದು. ಆಗ ಇವ್ಳು ಸ್ಕೂಲಲ್ಲಿದ್ಲು... ಬಂದು ಬೀರು ಇಲ್ದಿರೋದು ನೋಡಿದಾಗಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ."

"ಯಾಕೆ?"

"ನನ್ನ ಹೆಂಡ್ತಿ ತೀರ್ಕೊಂಡ್ಲು ಅಕ್ಕ. ದಿನಾ ಮಲಗೋ ಮುಂಚೆ ಕನ್ನಡಿ ಮುಂದೆ ನಿಂತು, ಹಣೆ ಬೊಟ್ಟು ತೆಗ್ದು ಅಲ್ಲೇ ಅಂಟಿಸೋಳು. ಅಮ್ಮನಷ್ಟು ಎತ್ತರ ಆದ್ನಾ ಅಂತ ಇವ್ಳು ಬೆಳಗ್ಗೆ ಎದ್ದು ಆ ಬೊಟ್ಟಿಗೆ ಅಳತೆ ನೋಡೋಳು... ಒಂದ್ಸಲ ನೋಡ್ಕೊಂಡು ಹೋಗ್ತೀವಿ, ಅಷ್ಟೇ."

ವನಜಾಕ್ಷಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಹುಡುಗಿ ಆಗಲೇ ಬೀರುವಿನ ಬಳಿ ಓಡಿದ್ದಳು. ಕನ್ನಡಿಯನ್ನು ನೋಡಿದಳು... ಮತ್ತೆ ನೋಡಿದಳು.

"ಅಪ್ಪಾ... ಅಮ್ಮ ಇಲ್ಲ."

ದೊರೆಸ್ವಾಮಿ ತಲೆ ತಗ್ಗಿಸಿ ನಿಂತ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವನಜಾಕ್ಷಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಗಡಿಬಿಡಿಯಲ್ಲಿ ತನ್ನ ಹಣೆಯ ಬೊಟ್ಟನ್ನೇ ತೆಗೆದು ಕನ್ನಡಿಗೆ ಅಂಟಿಸಿದಳು. "ಇಲ್ಲೇ ಇತ್ತು ಪುಟ್ಟಿ... ಇಲ್ಲೇ."

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. "ನಮ್ಮಮ್ಮ ಇಷ್ಟು ಉದ್ದ ಇರ್ಲಿಲ್ಲ ಆಂಟಿ."

ಅಷ್ಟೇ... ವನಜಾಕ್ಷಿಗೆ ದುಃಖ ತಡೆಯಲಾಗಲಿಲ್ಲ. ಕನ್ನಡಿಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. "ತಪ್ಪಾಯ್ತು ಕಂದಾ..."

ಅವಳ ಬಿಸಿಯುಸಿರಿಗೆ ಕನ್ನಡಿ ಮಂಜಾಯಿತು.

ಆ ಮಂಜಿನಲ್ಲಿ... ಒಂದೊಂದಾಗಿ ಪುಟ್ಟ ಪುಟ್ಟ ದುಂಡನೆಯ ಗುರುತುಗಳು ಮೂಡಿದವು! ಎಷ್ಟು ಕೆರೆದರೂ ಹೋಗದ ಬೊಟ್ಟಿನ ಅಂಟು.

"ಅಪ್ಪಾ, ಅಮ್ಮ!"

ಮಂಜು ಆರುತ್ತಿತ್ತು. "ಇನ್ನೊಂದ್ಸಲ ಹಾ ಅನ್ನಿ ಆಂಟಿ... ಇನ್ನೊಂದ್ಸಲ..."

ವನಜಾಕ್ಷಿ ಅಳುತ್ತಲೇ ಉಸಿರು ಬಿಟ್ಟಳು. ಹುಡುಗಿ ಕನ್ನಡಿಗೆ ಆತು ನಿಂತು, ತನ್ನ ಹಣೆಯಿಂದ ಆ ಗುರುತಿನವರೆಗೆ ಗೇಣು ಹಾಕಿದಳು.

"ಇನ್ನೂ ಇಷ್ಟು ಬೆಳೀಬೇಕು ಅಪ್ಪಾ."

ದೊರೆಸ್ವಾಮಿ ಗೋಡೆಯ ಕಡೆ ತಿರುಗಿಕೊಂಡ.

ವನಜಾಕ್ಷಿ ತನ್ನ ಬೊಟ್ಟನ್ನು ಮೇಲಿನಿಂದ ಕಿತ್ತು, ಸರಿಯಾಗಿ ಆ ಗುರುತಿನ ಮೇಲೆ ಅಂಟಿಸಿದಳು. "ಇದನ್ನ ಇನ್ಮೇಲೆ ಯಾರೂ ಮುಟ್ಟಲ್ಲ ಪುಟ್ಟಿ. ನಿಂಗೆ ಬೇಕನಿಸಿದಾಗ ಬಂದು ಅಳತೆ ನೋಡ್ಕೋ."

ಹೊಸಿಲು ದಾಟಿದ ಹುಡುಗಿ ಹಿಂದೆ ತಿರುಗಿ ಕೇಳಿದಳು...

"ಅಮ್ಮನಷ್ಟು ಆದ್ಮೇಲೂ ಬರ್ಬಹುದಾ ಆಂಟಿ?"

ವನಜಾಕ್ಷಿ ಓಡಿಬಂದು ಮಗುವನ್ನು ಬಾಚಿ ತಬ್ಬಿಕೊಂಡಳು.

*ನಮ್ಮ ಕಣ್ಣಿಗೆ ಕೊಳೆಯಾಗಿ ಕಂಡದ್ದು, ಇನ್ನೊಬ್ಬರ ಪಾಲಿಗೆ ಉಳಿದಿರುವ ಕೊನೆಯ ನೆನಪಾಗಿರಬಹುದು.*

ನಿಮ್ಮ ಮನೆಯ ಕನ್ನಡಿಯಲ್ಲೂ ಅಮ್ಮನ ಬೊಟ್ಟು ಇದೆಯಲ್ಲವೇ... ಅದನ್ನು ಕೊನೆಯ ಸಲ ಕಣ್ತುಂಬ ನೋಡಿದ್ದು ಯಾವಾಗ?