ಬೆನ್ನ ಹಿಂದಿನ ಕೈ

ಒಲೆಯ ಮೇಲೆ ಛಾ ಕುದಿಯುತ್ತಿತ್ತು. ಗುರುನಾಥ ಬೋಗುಣಿಯನ್ನೇ ನೋಡುತ್ತ ನಿಂತಿದ್ದ. ಅವನಿಂದ ಕೈಯಳತೆಯ ದೂರದಲ್ಲಿ ಗಯಾಬಾಯಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು.

"ಮಾವಶಿ, ನೀವು ಸುಮ್ನ ಯಾಕ ನಿಂತೀರಿ?" ಬಾಗಿಲ ಬಳಿ ಕುಳಿತಿದ್ದ ಮಯೂರಿ ಕಾಗದದಿಂದ ಕಣ್ಣೆತ್ತಿದಳು.

"ನಿಲ್ಲೋದೇ ಕೆಲಸ ಅದರಿ ಮೇಡಮ್ಮರ."

ಹುಮನಾಬಾದಿನ ಆ ಮನೆಯಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾದ ಆರು ಮಂದಿ ದೊಡ್ಡವರಿದ್ದರು. ಅವರನ್ನು ನೋಡಿಕೊಳ್ಳುವವರ ಕೆಲಸ ಅಳೆದು ಅಂಕ ಹಾಕಲು ಮಯೂರಿ ಬೀದರದಿಂದ ಬಂದಿದ್ದಳು. ಬೆಳಿಗ್ಗೆ ಇನ್ನೊಬ್ಬ ಕೆಲಸಗಾರ ಅಜೀತ ಅರ್ಧ ತಾಸಿನಲ್ಲಿ ಮೂವರಿಗೆ ಅಂಗಿ ತೊಡಿಸಿ, ಉಪ್ಪಿಟ್ಟು ತಿನ್ನಿಸಿ, ಬಾಯಿ ಒರೆಸಿ ಮುಗಿಸಿದ್ದ. ಗಯಾಬಾಯಿ ನೋಡಿಕೊಳ್ಳುವ ಗುರುನಾಥ ಒಂದು ಅಂಗಿಯ ಗುಂಡಿ ಹಾಕಿಕೊಳ್ಳಲು ಅಷ್ಟೇ ಹೊತ್ತು ತೆಗೆದುಕೊಂಡಿದ್ದ. ಅದೂ ಒಂದು ಗುಂಡಿ ಮೇಲೆ ಕೆಳಗೆ. ಅಂಕ ಕಡಿಮೆ ಬಿದ್ದವರಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ. ಗಯಾಬಾಯಿಗೆ ಓದು ಬಾರದು. ಆದರೆ ಅಜೀತನ ಸರದಿಯಲ್ಲಿ ಸರಸರ ಓಡಿದ ಪೆನ್ನು ತನ್ನ ಸರದಿ ಬಂದಾಗ ಕುಂಟುವುದು ಅವಳಿಗೆ ಕಾಣುತ್ತಿತ್ತು.

ಗುರುನಾಥ ಸಕ್ಕರೆ ಡಬ್ಬಿ ತೆಗೆದ. "ಒಂದು... ಎರಡು..." ನಿಂತು ಗಯಾಬಾಯಿಯ ಮುಖ ನೋಡಿದ. ಅವಳು ಕಿಟಕಿ ನೋಡಿದಳು. "ಇನ್ನೊಂದು ಎರಡು," ಎಂದು ತಾನೇ ತೀರ್ಮಾನಿಸಿ ಹಾಕಿದ.

ಮಯೂರಿಗೆ ನಗು ಬಂತು. ನುಂಗಿಕೊಂಡಳು. "ಕೈ ಸುಟ್ಕೊಂಡ್ರ ಜವಾಬ್ದಾರಿ ಯಾರ್ದು? ಅಜೀತ ನೋಡ್ರಿ, ಎಲ್ಲಾ ತಾವೇ ಮುಂದ ಆಗಿ ಮಾಡ್ತಾರ."

"ಇವನ ಅವ್ವಾನೂ ಹಂಗೇ ಮಾಡ್ತಿದ್ಳರಿ, ರಾಜೇಶ್ವರದಾಗ. ನಲವತ್ತು ವರ್ಷ ತುತ್ತು ಮಾಡಿ ಬಾಯಾಗ ಇಟ್ಟಳು. ಭಾಳ ಛಲೋ ಹೆಂಗಸು. ಅಕಿ ಸತ್ತ ಮ್ಯಾಲ ಇವ ಎರಡು ದಿನ ತುಂಬಿದ ತಾಟಿನ ಮುಂದ ಕುಂತಿದ್ದನಂತ. ರೊಟ್ಟಿ ಬಾಯಿಗಿ ಹ್ಯಾಂಗ ಬರ್ತದ ಅಂತ ಇವಗ ಗೊತ್ತೇ ಇರಲಿಲ್ಲ."

ಮಯೂರಿಯ ಪೆನ್ನು ನಿಂತಿತು. ಅಷ್ಟರಲ್ಲಿ ಛಾ ಮೇಲೆದ್ದು ಬಂತು. ಗುರುನಾಥ ಗಡಬಡಿಸಿ ಒಲೆ ಆರಿಸಿದ. ಇಕ್ಕಳದಿಂದ ಬೋಗುಣಿ ಹಿಡಿದು ಸೋಸಿದ. ಅರ್ಧ ಕಪ್ಪಿಗೆ, ಉಳಿದದ್ದು ಕಟ್ಟೆಗೆ. ಗಯಾಬಾಯಿಯ ಭುಜ ಒಮ್ಮೆ ಮುಂದೆ ಜರುಗಿ ನಿಂತಿತು. ಎದ್ದು ಹತ್ತಿರ ಬಂದ ಮಯೂರಿಗೆ ಈಗ ಕಂಡಿತು: ಬೆನ್ನ ಹಿಂದೆ ಗಯಾಬಾಯಿಯ ಎಡಗೈ ಬಲಗೈಯ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಗಾಜಿನ ಬಳೆಗಳು ಚರ್ಮಕ್ಕೆ ಒತ್ತಿಬಿಟ್ಟಿದ್ದವು.

ಗುರುನಾಥ ಕಪ್ಪು–ಬಶಿ ಎತ್ತಿಕೊಂಡು ಮಯೂರಿಯತ್ತ ಹೊರಟ. ಎರಡೇ ಹೆಜ್ಜೆ. ಬಶಿಯ ಮೇಲೆ ಕಪ್ಪು ಗಲಗಲ ಅಂದಿತು. ಮಯೂರಿಯ ಕೈ ತಾನಾಗಿ ಮುಂದೆ ಬಂತು.

"ನಾ ತರ್ತೀನಿ," ಗುರುನಾಥ ನಿಂತುಬಿಟ್ಟ.

ಮಯೂರಿ ಕೈ ಹಿಂದೆಳೆದಳು. ಕಾಗದ, ಪೆನ್ನು ಕಟ್ಟೆಯ ಮೇಲಿಟ್ಟು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಇನ್ನೊಂದು ಹೆಜ್ಜೆ. ಛಾ ತುಳುಕಿತು. ಅವಳ ತುಟಿ ಹಲ್ಲಿಗೆ ಸಿಕ್ಕಿತು.

ಪಕ್ಕದಿಂದ ಗಯಾಬಾಯಿ ಮೆಲ್ಲಗೆ ಅಂದಳು:

"ಮೊದ್ಲ ಮೊದ್ಲ ಕೈ ಭಾಳ ನೋಯ್ತಾವ್ರಿ."